ಅಲುಗಾಡದೆ ಮಲಗಬಲ್ಲವರು ಮಾತ್ರ

ಫೆಬ್ರವರಿ ೯

ಅಮ್ಮ,

ಇವತ್ತು ಬೆಳಗ್ಗೆ ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಬ್ಬ ಮುದುಕರು ಕಣ್ಣು ಮುಚ್ಚಿ, ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದರು. ಒಂದು ನೊಣ ಅವರ ಹೆಬ್ಬೆರಳಿನಿಂದ ಹೊರಟು ಮಣಿಕಟ್ಟಿನವರೆಗೆ ನಿಧಾನವಾಗಿ ನಡೆದುಹೋಯಿತು. ಅವರು ಓಡಿಸಲಿಲ್ಲ. ನಾನು ಹತ್ತಿರ ಹೋದಾಗ ಕಣ್ಣು ತೆರೆಯದೆಯೇ, "ಪ್ರಾಕ್ಟೀಸ್ ಮಾಡ್ತಿದೀನಿ ಕಣಮ್ಮ. ಒಳಗೆ ಹೋದ್ಮೇಲೆ ಅಲುಗಾಡ್ಬಾರ್ದಂತಲ್ಲ" ಎಂದರು. ನಿನ್ನ ನೆನಪಾಯಿತು.

ಸಾಹಿತ್ಯ ಓದಿದವಳಿಗೆ ಸ್ಕ್ಯಾನ್ ವಿಭಾಗದಲ್ಲಿ ಏನು ಕೆಲಸ ಎಂದು ನಿನ್ನ ಗೆಳತಿಯರು ಕೇಳುತ್ತಾರೆಂದು ನೀನು ಬರೆದಿದ್ದೆ. ರೋಗಿಗಳ ಕೈಗೆ ಕೊಡುವ ಕರಪತ್ರ, ಗೋಡೆಯ ಮೇಲಿನ ಸೂಚನೆ, ಟೆಕ್ನಿಷಿಯನ್ ಮೈಕಿನಲ್ಲಿ ಹೇಳುವ ಮಾತು, ಇವನ್ನೆಲ್ಲ ಬರೆಯುವವಳು ನಾನು. ಯಾರ ಜೊತೆಗೂ ಮಾತಾಡಬೇಕಾಗಿಲ್ಲ, ಬರೆದುಕೊಟ್ಟರೆ ಸಾಕು. ನನಗೆ ಹೇಳಿ ಮಾಡಿಸಿದ ಹಾಗಿದೆ.

ಇಲ್ಲಿ ಹೊಸದೊಂದು ನಡೆಯುತ್ತಿದೆ. ಎಂ.ಆರ್.ಐ. ಯಂತ್ರದೊಳಗೆ ರೋಗಿ ಸ್ವಲ್ಪ ಅಲುಗಾಡಿದರೂ ಚಿತ್ರ ಕಲಸಿಹೋಗುತ್ತದೆ, ಒದ್ದೆ ಅಕ್ಷರದ ಮೇಲೆ ಕೈ ಆಡಿಸಿದ ಹಾಗೆ. ಆ ಕಲಸಿದ್ದನ್ನು ತಿದ್ದಲು ಕಂಪ್ಯೂಟರಿನಲ್ಲಿ ಒಂದು ನ್ಯೂರಲ್ ನೆಟ್‌ವರ್ಕನ್ನು ತಯಾರು ಮಾಡುತ್ತಿದ್ದಾರೆ. ನಾವು ಅದನ್ನು ಸುಮ್ಮನೆ "ಜಾಲ" ಎನ್ನುತ್ತೇವೆ. ಒಬ್ಬರು ಅಲುಗಾಡದೆ ಮಲಗಿದಾಗಿನ ಚಿತ್ರ, ಅವರೇ ಬೇಕೆಂದು ಅಲುಗಾಡಿದಾಗಿನ ಚಿತ್ರ, ಎರಡನ್ನೂ ಜೋಡಿಯಾಗಿ ಜಾಲಕ್ಕೆ ತೋರಿಸುತ್ತಾರೆ. ಕೆಟ್ಟದ್ದರಿಂದ ಒಳ್ಳೆಯದಕ್ಕೆ ಹೋಗುವ ದಾರಿಯನ್ನು ಅದು ತಾನೇ ಕಲಿತುಕೊಳ್ಳಬೇಕು. ಇದನ್ನು ಕಟ್ಟುತ್ತಿರುವ ಎಂಜಿನಿಯರನಿಗೆ ತಲೆತುಂಬ ಗುಂಗುರು ಕೂದಲು, ಹಾಗಾಗಿ ಎಲ್ಲರಿಗೂ ಅವನು ಗುಂಗುರು. ಅವನಿಗೆ ಜನ ಸಾಲದೆ ನಾನೂ ಒಂದು ದಿನ ಮಲಗಿದೆ. ಬೆಲ್ ಆದಾಗ ತಲೆ ಎಡಕ್ಕೆ, ಮತ್ತೆ ಬೆಲ್ ಆದಾಗ ಬಲಕ್ಕೆ. ಒಂದು ಸಲ ಕೆಮ್ಮಬೇಕು, ಒಂದು ಸಲ ಉಗುಳು ನುಂಗಬೇಕು. ಸ್ಕೂಲಿನಲ್ಲಿ ನೀನು ಮಾಡಿಸುತ್ತಿದ್ದ ಡ್ರಿಲ್ ಪೀರಿಯಡ್ಡಿನ ಹಾಗೇ ಇತ್ತು.

ನಿನ್ನ ಎಡಗಿವಿಯ ಬಗ್ಗೆ ಅಲ್ಲಿನ ಡಾಕ್ಟರು ಏನೆಂದರು? ದನಿ ನಡುಗುವುದನ್ನು ಕೇಳಿ ಎಲ್ಲರೂ ನೀನು ಅಳುತ್ತಿದ್ದೀಯ ಎಂದುಕೊಳ್ಳುತ್ತಾರೆಂದು ಫೋನು ಬಿಟ್ಟಿದ್ದೀಯ. ಸರಿ, ಬಿಡು. ಆದರೆ ಬರೆಯುವುದನ್ನಂತೂ ಬಿಡಬೇಡ.

ನಿನ್ನ
ಗುಬ್ಬಿ

*

ಫೆಬ್ರವರಿ ೧೯

ಗುಬ್ಬಿ,

ಕೇಳಿದೆಯಲ್ಲ, ಪೂರ್ತಿ ಓದು. ಎಡಗಿವಿ ಮುಕ್ಕಾಲು ಹೋಗಿದೆ. ಒಳಗೆ ಯಾರೋ ಸೀಟಿ ಊದುತ್ತಲೇ ಇದ್ದಾರೆ, ಅದು ನನ್ನ ಸೀಟಿಯಂತೂ ಅಲ್ಲ. ತಟ್ಟನೆ ತಿರುಗಿದರೆ ಗೋಡೆ ಹಿಡಿಯಬೇಕು. ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗಂಟೇನಾದರೂ ಇದೆಯೋ ಏನೋ ಅಂತ ಡಾಕ್ಟರಿಗೆ ಅನುಮಾನ. ಇದ್ದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು. ಸ್ಕ್ಯಾನ್ ಮಾಡದೆ ಗೊತ್ತಾಗುವುದಿಲ್ಲ.

ಹೋದೆ. ನನ್ನ ತಲೆ ನಿನಗೆ ಗೊತ್ತಲ್ಲ, ಎಡಕ್ಕೂ ಬಲಕ್ಕೂ ಅದರ ಪಾಡಿಗೆ ಅದು ಅಲ್ಲಾಡುತ್ತಲೇ ಇರುತ್ತದೆ. ಇಬ್ಬರು ಬಂದು ಎರಡೂ ಕಡೆ ದಿಂಬು ತುರುಕಿದರು. ಹಣೆಗೆ ಪಟ್ಟಿ ಬಿಗಿದರು. "ಸ್ವಲ್ಪ ಕಂಟ್ರೋಲ್ ಮಾಡ್ಕೊಳಿ ಅಮ್ಮ" ಅಂದ ಒಬ್ಬ. "ಇಷ್ಟು ವರ್ಷ ನಂಗೇ ಬಗ್ಗದ್ದು ನಿನ್ನ ಪಟ್ಟಿಗೆ ಬಗ್ಗುತ್ತೇನಪ್ಪಾ" ಅಂದೆ. ಚಿತ್ರ ಪೂರ್ತಿ ಕಲಸಿಹೋಯಿತು. ಹಾಗಾದರೆ ಮೈಮರೆಯುವ ಇಂಜೆಕ್ಷನ್ ಕೊಟ್ಟು ಮಾಡೋಣ ಅಂದರು. ಕೊಡಬೇಡಿ ಅಂದೆ. ಪಿತ್ತಕೋಶದ ಆಪರೇಷನ್ನಿಗೆ ಹಾಗೇ ಮಲಗಿಸಿ, ಮತ್ತೆ ಎಬ್ಬಿಸಲಾಗದೆ ಗಂಟಲಿಗೆ ನಳಿಗೆ ಹಾಕಿದ್ದರು. ಇನ್ನೊಂದು ಸಲ ನಿಮ್ಮ ಶ್ವಾಸಕೋಶ ತಡೆಯುವುದಿಲ್ಲ ಅಂತ ಅವತ್ತು ಹೇಳಿದ್ದೂ ಡಾಕ್ಟರೇ. ಬಾಗಿಲ ಹೊರಗೆ ಕೂತವಳು ನೀನು, ನಿನಗೆ ನಾನೇನು ಹೇಳಲಿ.

ಇಷ್ಟಾಗಿ ವರದಿಯಲ್ಲಿ ಏನು ಬರೆದರು ಗೊತ್ತಾ? "ರೋಗಿ ಸಹಕರಿಸಲಿಲ್ಲ." ಬರೀ ಎರಡು ಪದ. ಊರಿನ ಅರ್ಧ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳು ನಾನು. ಸಹಕಾರ ಅಂದರೇನು ಅಂತ ನನಗೆ ಹೇಳಿಕೊಡುತ್ತಾರೆ.

ಅಂಗಡಿಯವನದ್ದು ಇನ್ನೊಂದು. ಬೇಕು ಅಂತ ಬಾಯಿ ಹೇಳುತ್ತಿದ್ದರೂ ತಲೆ ನೋಡಿ "ಬೇಡ್ವಾ ಟೀಚರ್" ಅಂತ ಸಾಮಾನು ಒಳಗಿಡುತ್ತಾನೆ. ಅವನನ್ನಾದರೂ ಕ್ಷಮಿಸಬಹುದು.

ನಿಮ್ಮ ಜಾಲದ ಹತ್ತಿರ ಬರುತ್ತೇನೆ. ಆದರೆ ಪಟ್ಟಿ ಕಟ್ಟಕೂಡದು. ಇಂಜೆಕ್ಷನ್ ಕೂಡದು. ಆ ವಾಕ್ಯವನ್ನು ಯಾರೂ ಬರೆಯಕೂಡದು. ಒಪ್ಪಿಗೆ ಇದ್ದರೆ ಹೇಳು.

ಅಮ್ಮ

*

ಮಾರ್ಚ್ ೨೮

ಅಮ್ಮ,

ಊರು ಸೇರಿದೆಯಾ? ನೀನು "ಬೆನ್ನು ನೆಟ್ಟಗೆ ಮಾಡಪ್ಪಾ, ಕಂಪ್ಯೂಟರ್ ಓಡಿಹೋಗಲ್ಲ" ಎಂದು ಹೇಳಿ ಹೋದ ಮೇಲೆ ಗುಂಗುರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದಾನೆ.

ಒಂದೇ ವಿಷಯ ಹೇಳಲು ಬರೆಯುತ್ತಿದ್ದೇನೆ. ಇಲ್ಲಿ ತೆಗೆದ ನಿನ್ನ ಎರಡು ಸ್ಕ್ಯಾನುಗಳಲ್ಲಿ ಮೊದಲನೆಯದನ್ನು ಜಾಲ ತಿದ್ದಿ ಮುಗಿಸಿತು. ಗುಂಗುರು ನನ್ನನ್ನು ಕರೆದು ತೋರಿಸಿದ. ತಿದ್ದುವ ಮೊದಲು ನಿನ್ನ ತಲೆ ಹೊಗೆಯ ಹಾಗಿತ್ತು. ತಿದ್ದಿದ ಮೇಲೆ ನರದ ಎಳೆ ಎಳೆಯೂ ಕಾಣುತ್ತದೆ, ಸೂಜಿಗೆ ಪೋಣಿಸಬಹುದು ಎನ್ನುವಷ್ಟು ಸ್ಪಷ್ಟ. ಗಂಟಿಲ್ಲ. "ಕ್ಲೀನ್" ಎಂದು ಅವನು ಮೇಜು ಕುಟ್ಟಿದ. ಚಿತ್ರ ನೋಡಿ ವರದಿ ಬರೆಯುವ ನಮ್ಮ ದೊಡ್ಡ ಡಾಕ್ಟರಮ್ಮ ಎರಡನೆಯ ಸ್ಕ್ಯಾನನ್ನೂ ನೋಡಿಯೇ ಸಹಿ ಹಾಕುವುದಂತೆ, ಅದು ಅವರ ನಿಯಮ. ನನಗೆ ಅಲ್ಲಿಯವರೆಗೆ ತಡೆದುಕೊಳ್ಳಲು ಆಗಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರಿಗೂ ಖುಷಿ. ಹೊಸ ಕರಪತ್ರ ಬರೆಯಲು ಹೇಳಿದ್ದಾರೆ. ಮೊದಲ ವಾಕ್ಯ ಅವರೇ ಕೊಟ್ಟರು: "ನೀವು ಅಲುಗಾಡಿದರೂ ಚಿಂತೆಯಿಲ್ಲ."

ಇವತ್ತು ನಿಶ್ಚಿಂತೆಯಿಂದ ಊಟ ಮಾಡು.

ಗುಬ್ಬಿ

*

ಏಪ್ರಿಲ್ ೬

ಅಮ್ಮ,

ಹಿಂದಿನ ಪತ್ರವನ್ನು ನಂಬಬೇಡ.

ಎರಡನೆಯ ಸ್ಕ್ಯಾನನ್ನೂ ಜಾಲ ತಿದ್ದಿತು. ಅದೇ ತಲೆ, ಅದೇ ಮಧ್ಯಾಹ್ನ, ನೀನು ಎದ್ದು ನೀರು ಕುಡಿದು ಮತ್ತೆ ಮಲಗಿದ್ದೆ ಅಷ್ಟೆ. ಅದೂ ಅಷ್ಟೇ ಸ್ಪಷ್ಟವಾಗಿದೆ, ಅಷ್ಟೇ ಚೆಂದವಾಗಿದೆ. ಅದರಲ್ಲಿ ಎಡಗಡೆಯ ನರದ ಮೇಲೆ ಗುಂಡುಸೂಜಿಯ ತಲೆಯಷ್ಟು ಒಂದು ಚುಕ್ಕೆ ಇದೆ.

ದೊಡ್ಡ ಡಾಕ್ಟರಮ್ಮ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು, "ಒಂದೇ ತಲೆ ಬಗ್ಗೆ ಇಬ್ಬರು ಸಾಕ್ಷಿ. ಇಬ್ಬರೂ ಚೆನ್ನಾಗಿ ಮಾತಾಡ್ತಾರೆ. ಒಬ್ಬರು ಸುಳ್ಳು ಹೇಳ್ತಿದಾರೆ" ಎಂದರು. ಯಾವುದಕ್ಕೂ ಸಹಿ ಹಾಕಲಿಲ್ಲ.

ಯಾಕೆ ಹೀಗಾಯಿತು ಎಂದು ಗುಂಗುರು ವಾರವಿಡೀ ತಲೆ ಕೆಡಿಸಿಕೊಂಡ. ಕಾರಣ ಸಿಕ್ಕಾಗ ಅವನಿಗೆ ನನ್ನ ಮುಖ ನೋಡಲು ಆಗಲಿಲ್ಲ. ನಾವೆಲ್ಲ ಬೆಲ್ ಆದಾಗ ಅಲುಗಾಡಿದೆವು, ಆಮೇಲೆ ನಿಂತೆವು. ನಿಲ್ಲದೇ ಇರುವ ತಲೆಯನ್ನು ಜಾಲ ನೋಡಿಯೇ ಇಲ್ಲ. ಗೊತ್ತಿಲ್ಲದ ಕಡೆ "ಗೊತ್ತಿಲ್ಲ" ಎನ್ನಲು ಅದಕ್ಕೆ ಯಾರೂ ಕಲಿಸಿಲ್ಲ. ಅದು ತಾನು ನೋಡಿದ್ದನ್ನೇ ತಂದು ತುಂಬಿಸುತ್ತದೆ. ನೋಡಿದ್ದೆಲ್ಲ ಆರೋಗ್ಯವಂತರ ತಲೆಗಳು.

ಆ ಮೊದಲ ಚಿತ್ರದ ಸ್ವಚ್ಛವಾದ ನರ ನಿನ್ನದಲ್ಲದೆ ಇರಬಹುದು. ಅದರಲ್ಲಿ ಸ್ವಲ್ಪ ಗುಂಗುರುವಿನದು, ಸ್ವಲ್ಪ ಟೆಕ್ನಿಷಿಯನ್ನಿನದು ಇರಬಹುದು. ಸ್ವಲ್ಪ ನನ್ನದೂ ಇರಬಹುದು ಅಮ್ಮ.

ಏನು ಬರೆಯಬೇಕೋ ತೋಚುತ್ತಿಲ್ಲ.

ಗುಬ್ಬಿ

*

ಏಪ್ರಿಲ್ ೧೭

ಗುಬ್ಬಿ,

ತೋಚದಿದ್ದರೆ ಬಿಡು, ನನಗೆ ತೋಚಿದೆ.

ಮೊದಲನೆಯದು. ಅಲ್ಲಿಗೆ ಬಂದಿದ್ದಾಗ ಬಾಗಿಲ ಪಕ್ಕ ಒಂದು ಸೂಚನೆ ಓದಿದೆ. "ನಮ್ಮ ಅಧ್ಯಯನಕ್ಕೆ ನಿಮ್ಮ ಅರ್ಧ ದಿನವನ್ನು ಕೊಡುವಿರಾ? ಅಲುಗಾಡದೆ ಮಲಗಬಲ್ಲವರು ಮಾತ್ರ ದಯವಿಟ್ಟು ಹೆಸರು ಕೊಡಿ." ಬರೆದವರು ಯಾರೆಂದು ಕೇಳಬೇಕಾಗಿರಲಿಲ್ಲ. ಇಷ್ಟು ಮೆತ್ತಗೆ ಬಾಗಿಲು ಹಾಕಲು ನಮ್ಮ ಮನೆಯಲ್ಲಿ ನಿನಗೆ ಮಾತ್ರ ಬರುತ್ತದೆ. ಅಲುಗಾಡುವವರ ಚಿತ್ರ ತಿದ್ದಲು ಹೊರಟು, ಅಲುಗಾಡದವರನ್ನೇ ಕರೆದಿರಿ. ನಡುಗುವವರು ಆ ಬಾಗಿಲವರೆಗೆ ಬಂದು, ಓದಿ, ವಾಪಸ್ ಹೋಗಿರುತ್ತಾರೆ. ಬೈಯುತ್ತಿಲ್ಲ. ನಿಮಗೆ ಒಂದು ಅಲುಗಾಡದ ಚಿತ್ರವೂ ಬೇಕಲ್ಲ ಜೋಡಿಗೆ, ಅದಕ್ಕೇ ಹಾಗೆ ಬರೆಸಿರುತ್ತಾರೆ. ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ನನ್ನ ತಲೆ ತಪ್ಪಲ್ಲ. ನಿಮ್ಮ ಜಾಲ ಅದನ್ನು ನೋಡಿಲ್ಲ ಅಷ್ಟೆ. ನೋಡಲಿ.

ಎರಡನೆಯದು. ಪಕ್ಕದ ಬೀದಿಯ ಬಡಗಿ ನೆನಪಿದ್ದಾನಾ? ಸಾಲಿನಲ್ಲಿ ನೆಟ್ಟಗೆ ನಿಲ್ಲದೆ ನನ್ನಿಂದ ಮೈದಾನ ಸುತ್ತಿಸಿಕೊಂಡವನು. ಕುರ್ಚಿ ಕಾಲು ಸರಿಮಾಡಿಸಲು ಹೋಗಿ ಅವನ ಅಂಗಡಿಯಲ್ಲಿ ಕೂತವಳು ಹಾಗೇ ನಿದ್ದೆ ಹೋದೆ. ಎದ್ದಾಗ ಗರಗಸ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ. "ಟೀಚರ್, ನಿದ್ದೇಲಿ ನಿಮ್ಮ ತಲೆ ಕಲ್ಲು ಇದ್ದಂಗಿತ್ತು. ಅಟೆನ್ಷನ್ ಅಂದ್ರೆ ಅದು" ಅಂದ. ಜನ್ಮಕ್ಕಾಗುವಷ್ಟು ಸೇಡು ತೀರಿಸಿಕೊಂಡ ಮುಖ.

ಅಂದರೆ ನಾನು ನಿದ್ದೆ ಮಾಡಿದರೆ ಅಲುಗಾಡದ ಚಿತ್ರ ಸಿಗುತ್ತದೆ. ಇಂಜೆಕ್ಷನ್ನಿನ ನಿದ್ದೆಯಲ್ಲ, ನನ್ನದೇ ನಿದ್ದೆ. ನಿಮ್ಮ ಯಂತ್ರದ ಗಲಾಟೆಗೆ ನಿದ್ದೆ ಬರುವುದಿಲ್ಲ ಅನ್ನುತ್ತೀಯ. ಅದಕ್ಕೇ ದಿನಾ ಊಟವಾದ ಮೇಲೆ ಅವನ ಅಂಗಡಿಗೆ ಹೋಗಿ ಹಲಗೆಗಳ ಮಧ್ಯೆ ಚಾಪೆ ಹಾಕಿ ಮಲಗುತ್ತಿದ್ದೇನೆ. ಡ್ರಿಲ್ ಮಿಷನ್, ಕೊರೆಯುವುದು, ಕುಟ್ಟುವುದು, ಎಲ್ಲ ನಡೆಯುತ್ತಿರುತ್ತದೆ. ಮೊದಲ ಮೂರ್ನಾಲ್ಕು ದಿನ ಬರೀ ತಲೆನೋವು. ಈಗ ಗೊರಕೆ ಹೊಡೆಯುತ್ತೇನಂತೆ. ಗಿರಾಕಿಗಳು ಬಂದು "ಇವರ್ಯಾರು" ಅಂತ ಕೇಳಿದರೆ, "ನಮ್ಮ ಟೀಚರ್, ಪರೀಕ್ಷೆಗೆ ತಯಾರಾಗ್ತಿದಾರೆ" ಅನ್ನುತ್ತಾನೆ.

ಡಾಕ್ಟರಮ್ಮನನ್ನು ಕೇಳು. ನೀನೇ ಹೋಗಿ, ಬಾಯಿಬಿಟ್ಟು ಕೇಳು. ಚೀಟಿ ಬರೆದಿಟ್ಟು ಬರಬೇಡ.

ಅಮ್ಮ

*

ಮೇ ೯

ಅಮ್ಮ,

ಕೇಳಿದೆ. ಬಾಗಿಲ ಹೊರಗೆ ನಿಂತು ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡು ಹೋಗಿದ್ದೆ, ಒಳಗೆ ಹೋದ ಮೇಲೆ ಅರ್ಧ ಮರೆತುಹೋಯಿತು. ಬಡಗಿ ಅಂಗಡಿಯ ಸುದ್ದಿಯಿಂದಲೇ ಶುರುಮಾಡಿಬಿಟ್ಟೆ. ದೊಡ್ಡ ಡಾಕ್ಟರಮ್ಮ ನಗಲಿಲ್ಲ. "ಎಷ್ಟು ಹೊತ್ತು ನಿದ್ದೆ ಮಾಡ್ತಾರೆ?" ಎಂದು ಕೇಳಿದರು. "ಎಬ್ಬಿಸೋವರೆಗೂ" ಎಂದೆ. "ಮುಂದಿನ ವಾರ ಊಟ ಆದ್ಮೇಲಿನ ಹೊತ್ತು ನಿಮ್ಮಮ್ಮನಿಗೆ. ಬರೋಕೆ ಹೇಳು."

ಆದರೆ ಇನ್ನೊಂದು ನಡೆಯಿತು. ಮುಖ್ಯಸ್ಥರ ಸಭೆಯಲ್ಲಿ ನಿನ್ನ ಎರಡು ಚಿತ್ರಗಳ ಮಾತು ಬಂತು. "ಅದೊಂದು ಅಪವಾದ. ಲೆಕ್ಕದಿಂದ ಬಿಟ್ಟರೆ ಫಲಿತಾಂಶ ಚೆನ್ನಾಗಿದೆ" ಎಂದರು. ಎಲ್ಲರೂ ತಲೆಯಾಡಿಸಿದರು. ಕರಪತ್ರ ಎಲ್ಲಿಗೆ ಬಂತು ಎಂದು ನನ್ನನ್ನು ಕೇಳಿದರು. ಮೊದಲ ವಾಕ್ಯ ನಿಜವಲ್ಲ ಎಂದೆ. ನನಗೇ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. "ನೂರರಲ್ಲಿ ತೊಂಬತ್ತು ಜನಕ್ಕೆ ನಿಜ ತಾನೇ" ಎಂದರು. "ಉಳಿದವರಿಗೂ ಇದೇ ಕಾಗದ ಕೊಡ್ತೀವಲ್ಲ ಸರ್" ಎಂದೆ. ಯಾರೋ ನಕ್ಕರು. ಗುಂಗುರು ಮಾತ್ರ ನೆಟ್ಟಗೆ ಕೂತು, "ಅವರು ಹೇಳ್ತಿರೋದು ಸರಿ ಸರ್, ನನ್ನ ಜಾಲ ನಡುಕ ನೋಡಿಲ್ಲ" ಎಂದ. ಅಷ್ಟು ಹೇಳಲು ಅವನಿಗೂ ಕಷ್ಟವಾಗಿರಬೇಕು, ಮೂರು ವರ್ಷದ ಕೆಲಸ ಅವನದು.

ನಾನು ಬರೆಯುವುದಿಲ್ಲ ಎಂದೆ. ಬೇರೆಯವರಿಂದ ಬರೆಸುತ್ತೇನೆ ಎಂದರು. ಹೊರಗೆ ಬಂದು ಕೈತೊಳೆಯುವ ಕಡೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಕೈ ನಡುಗುತ್ತಿತ್ತು. ನನಗೂ ನಿನ್ನ ನಡುಕ ಬಂತೇನೋ ಎಂದು ಒಂದು ಕ್ಷಣ ಅನ್ನಿಸಿತು. ಅಲ್ಲ, ಬರೀ ಸಿಟ್ಟು.

ನಿನ್ನ ಚಾಪೆಯನ್ನೂ ತೆಗೆದುಕೊಂಡು ಬಾ.

ಗುಬ್ಬಿ

*

ಜೂನ್ ೨

ಗುಬ್ಬಿ,

ಅಲ್ಲಿ ನಿನ್ನ ಎದುರಿಗೆ ಹೇಳಲಾಗದ್ದನ್ನು ಊರಿಗೆ ಬಂದು ಬರೆಯುತ್ತಿದ್ದೇನೆ. ಚಿತ್ರ ತೋರಿಸಿದಾಗ ನೀನು ನನ್ನ ಕೈ ಹಿಡಿದುಕೊಂಡೆ. ನನಗಿಂತ ನೀನೇ ಜೋರಾಗಿ ಹಿಡಿದಿದ್ದೆ.

ಗಂಟಿದೆ. ಸಣ್ಣದು. ಯಾವ ಜಾಲವೂ ಮುಟ್ಟದ, ನಾನು ನಿದ್ದೆಯಲ್ಲಿದ್ದಾಗಿನ ನನ್ನ ಸ್ವಂತ ತಲೆಯ ಚಿತ್ರದಲ್ಲಿ ಇದೆ. ಆ ಮೊದಲ ಚಿತ್ರವನ್ನು ನಂಬಿ ಕೂತಿದ್ದರೆ ಅದು ಒಳಗೇ ಬೆಳೆಯುತ್ತಿತ್ತು, ನಾನು ಇಲ್ಲಿ ಅರಾಮಾಗಿ ಓಡಾಡಿಕೊಂಡಿರುತ್ತಿದ್ದೆ. ಈಗ ತೆಗೆಯುವುದು ಬೇಡ, ಆರು ತಿಂಗಳಿಗೊಮ್ಮೆ ನೋಡುತ್ತಾ ಹೋಗೋಣ, ಬೆಳೆದರೆ ಕೊಯ್ಯದೆ ಕಿರಣ ಬಿಟ್ಟು ಸುಡೋಣ ಅಂದರು ನಿನ್ನ ಡಾಕ್ಟರಮ್ಮ. ಮನುಷ್ಯರ ಜೊತೆ ಮಾತಾಡುವ ಹಾಗೆ ಮಾತಾಡಿದರು.

ಬಸ್ಸಿನಲ್ಲಿ ಸ್ವಲ್ಪ ಭಯವಾಯಿತು. ಸುಳ್ಳು ಹೇಳುವುದಿಲ್ಲ. ಆಮೇಲೆ ಯೋಚಿಸಿದೆ, ಇದೆ ಅಂತ ಗೊತ್ತಾದ ಮೇಲೆ ಅದೂ ನನ್ನ ಕ್ಲಾಸಿನಲ್ಲೇ ಇದ್ದ ಹಾಗೆ. ಕಣ್ಣಿಟ್ಟಿರುತ್ತೇನೆ.

ನಿದ್ದೆಯಾದ ಮೇಲೆ ಎಚ್ಚರವಾಗಿಯೂ ಮಲಗಿದೆನಲ್ಲ, ಗುಂಗುರು ಬೇಡ ಅಂದರೂ. ನನಗೆ ಬೇಕಾದ್ದು ಸಿಕ್ಕಿತ್ತು, ಎದ್ದು ಬರಬಹುದಾಗಿತ್ತು. ಆದರೆ ನಿಂತ ತಲೆ, ನಡುಗುವ ತಲೆ, ಎರಡೂ ನನ್ನವೇ. ಜೋಡಿ ಕೊಟ್ಟಿದ್ದೇನೆ, ಕಲಿಯಲಿ. ಒಬ್ಬಳದ್ದು ಸಾಲದು ಅಂದ ಅವನು. ಸಾಲದಿದ್ದರೆ ಇನ್ನೂ ಜನ ಇದ್ದಾರೆ. ಇಲ್ಲಿನ ಗ್ರಂಥಾಲಯದಲ್ಲಿದ್ದ ಅಕ್ಕನಿಗೆ ಗಲ್ಲ ನಡುಗುತ್ತದೆ. ಬ್ಯಾಂಕಿನ ಕಾವಲುಗಾರನಿಗೆ ನನ್ನ ಹಾಗೇ ತಲೆ. ಇಬ್ಬರಿಗೂ ಹೇಳಿದ್ದೇನೆ. ಅವರೂ ಈಗ ಬಡಗಿಯ ಅಂಗಡಿಗೆ ಬರುತ್ತಿದ್ದಾರೆ. ಮಧ್ಯಾಹ್ನ ನಾವು ಮೂವರೂ ಸಾಲಾಗಿ ಮಲಗುತ್ತೇವೆ. ಗಿರಾಕಿಗಳಿಗೆ ಜಾಗ ಇಲ್ಲ ಅಂತ ಅವನು ಗೊಣಗುತ್ತಾನೆ, ಆದರೆ ಚಾಪೆ ಹಾಸುವವನೂ ಅವನೇ.

ಆ ಕರಪತ್ರದ ವಿಷಯದಲ್ಲಿ ನನಗಾಗಿ ಅಂತ ಏನೂ ಹೇಳುವುದು ಬೇಡ, ಕೆಲಸ ಹೋಗುತ್ತದೆ ಅಂತ ಸುಮ್ಮನಿರುವುದೂ ಬೇಡ. ನಿನಗೆ ಹೇಗೆ ಸರಿ ಕಾಣುತ್ತದೋ ಹಾಗೆ ಮಾಡು. ನಾನು ಕೇಳುವುದಿಲ್ಲ.

ಅಮ್ಮ

*

ಜೂನ್ ೨೪

ಅಮ್ಮ,

ನೀನು ಕೇಳುವುದಿಲ್ಲ ಎಂದದ್ದಕ್ಕೇ ಹೇಳುತ್ತಿದ್ದೇನೆ.

ಕರಪತ್ರ ಅಚ್ಚಾಗಿ ಬಂತು. ಬೇರೆ ಯಾರೋ ಬರೆದದ್ದು. ಮುಖಪುಟದಲ್ಲಿ ನಗುತ್ತಾ ಮಲಗಿರುವ ಹುಡುಗಿ, ಕೆಳಗೆ ನೀಲಿ ಅಕ್ಷರದಲ್ಲಿ "ನೀವು ಅಲುಗಾಡಿದರೂ ಚಿಂತೆಯಿಲ್ಲ." ಹಂಚುವ ಕೆಲಸ ಮಾತ್ರ ನನ್ನದೇ. ಕಟ್ಟುಗಳನ್ನು ನನ್ನ ಮೇಜಿನ ಕೆಳಗೆ ಇಟ್ಟುಹೋದರು. ಎರಡು ದಿನ ಅವುಗಳ ಮೇಲೆ ಕಾಲಿಟ್ಟುಕೊಂಡು ಕೂತಿದ್ದೆ. ಸೋಮವಾರದಿಂದ ಕೌಂಟರಿನಲ್ಲಿ ಇರಬೇಕಂತೆ.

ನಿನ್ನೆ ಬಾಯಿ ಅಲ್ಲಾಡುತ್ತಲೇ ಇರುವ ಒಬ್ಬ ಹೆಂಗಸು ಮಗನ ಜೊತೆ ಬಂದಿದ್ದರು. ಮಗ ಕೌಂಟರಿನಲ್ಲಿ, "ಇವರು ಸುಮ್ನೆ ಇರಲ್ಲ, ಏನ್ ಮಾಡೋದು" ಎಂದು ಪಿಸುಗುಟ್ಟಿದ. ಅವರು ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿದರು. ನಾನು ಎದ್ದುಹೋಗಿ ಅವರ ಪಕ್ಕ ಕೂತೆ. ನಿನ್ನ ಸುದ್ದಿ, ಬಡಗಿ ಅಂಗಡಿಯ ಸುದ್ದಿ ಹೇಳಿದೆ. ಅಪರಿಚಿತರ ಜೊತೆ ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ಅವರು ಕೊನೆಯಲ್ಲಿ, "ನನ್ನ ತಂಗಿ ಮನೆ ಹಿಟ್ಟಿನ ಗಿರಣಿ ಪಕ್ಕ ಇದೆ. ಅಲ್ಲಿ ಮಲಗಿ ನೋಡ್ಲಾ?" ಎಂದರು. ನೋಡಿ ಎಂದೆ.

ಇವತ್ತು ರಜೆ. ವಿಭಾಗದಲ್ಲಿ ಕಾವಲಿನವರನ್ನು ಬಿಟ್ಟರೆ ನಾನೊಬ್ಬಳೇ. ಬೆಳಗ್ಗೆಯಿಂದ ಪ್ರತಿಯೊಂದು ಕರಪತ್ರದ ಒಳಗೂ ಒಂದು ಚೀಟಿ ಅಂಟಿಸುತ್ತಿದ್ದೇನೆ. ಬೆರಳಿಗೆಲ್ಲ ಅಂಟು, ಈ ಕಾಗದಕ್ಕೂ ತಾಗಿದೆ. ಚೀಟಿಯಲ್ಲಿ ಬರೆದದ್ದು ಇಷ್ಟು:

"ತಲೆ ಸದಾ ನಡುಗುವವರ ಮೇಲೆ ಈ ವಿಧಾನವನ್ನು ಇನ್ನೂ ಪರೀಕ್ಷಿಸಿಲ್ಲ. ನೀವು ಅಂಥವರಾಗಿದ್ದರೆ ಕಂಪ್ಯೂಟರ್ ತಿದ್ದಿದ ಚಿತ್ರವೊಂದನ್ನೇ ನಂಬಬೇಡಿ, ಬೇರೆ ದಾರಿ ಇದೆಯೇ ಎಂದು ಡಾಕ್ಟರನ್ನು ಕೇಳಿ. ನಮಗೆ ನಿಮ್ಮಿಂದ ಕಲಿಯುವುದಿದೆ. ಒಳಗೆ ಬನ್ನಿ."

ವಾಕ್ಯಗಳನ್ನು ದೊಡ್ಡ ಡಾಕ್ಟರಮ್ಮನಿಗೆ ಓದಿಸಿದ್ದೆ. ತಪ್ಪೇನೂ ಇಲ್ಲ ಎಂದರು. ಎಲ್ಲಿ ಅಂಟಿಸುತ್ತೀಯ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರನ್ನು ಇದರಲ್ಲಿ ಸಿಕ್ಕಿಸುವುದು ನನಗೆ ಇಷ್ಟವಿಲ್ಲ. ಅದಕ್ಕೇ ಚೀಟಿಯ ಕೆಳಗೆ ನನ್ನ ಹೆಸರನ್ನಷ್ಟೇ ಹಾಕಿದ್ದೇನೆ, ಪೂರ್ತಿ ಹೆಸರು.

ಸೋಮವಾರ ಬೆಳಗ್ಗೆ ಮೊದಲ ಕಟ್ಟನ್ನು ಕೌಂಟರಿನ ಮೇಲಿಟ್ಟು, ಒಂದು ಪ್ರತಿ ತೆಗೆದುಕೊಂಡು ನೇರ ಮುಖ್ಯಸ್ಥರ ಕೋಣೆಗೆ ಹೋಗುತ್ತೇನೆ. ಅವರು ಕೇಳಿದರೆ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.

ನಿನ್ನ
ಗುಬ್ಬಿ